ಹೊರಗಿನ ಸ್ಕಾಲರ್‌ಶಿಪ್ ಬಂದರೆ ಕಾಲೇಜಿನ ನೆರವು ಏಕೆ ಇಳಿಯುತ್ತದೆ?

ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕಿದ ಮಕ್ಕಳಿರುವ ಮನೆಗಳಲ್ಲಿ ಮಾರ್ಚ್ ಮತ್ತು ಏಪ್ರಿಲ್ ಎಂದರೆ ಪತ್ರಗಳಿಗಾಗಿ ಕಾಯುವ ತಿಂಗಳುಗಳು. ಮೊದಲು ಪ್ರವೇಶದ ಪತ್ರ ಬರುತ್ತದೆ, ಅದರ ಜೊತೆಯಲ್ಲೋ ಬೆನ್ನಿಗೋ ಹಣಕಾಸು ನೆರವಿನ ಪತ್ರ ಬರುತ್ತದೆ, ಬಹುತೇಕ ಕಾಲೇಜುಗಳಿಗೆ ಮೇ 1ರೊಳಗೆ ಉತ್ತರ ಹೇಳಬೇಕಾಗುತ್ತದೆ. ಓಹಾಯೋದಲ್ಲಿ ನೆಲೆಸಿರುವ ನನ್ನ ಅಕ್ಕನ ಮಗಳಿಗೆ ಅದೇ ಹೊತ್ತಿನಲ್ಲಿ ಅವರ ಊರಿನ ಸೇವಾ ಸಂಘವೊಂದರಿಂದ 4,000 ಡಾಲರ್‌ಗಳ ಸ್ಕಾಲರ್‌ಶಿಪ್ ಸಿಕ್ಕಿತು. ಚಳಿಗಾಲದ ರಜೆಯನ್ನೆಲ್ಲ ಪ್ರಬಂಧ ಬರೆಯುವುದರಲ್ಲಿ ಕಳೆದು, ಸಂದರ್ಶನಕ್ಕೆ ಹೋಗಿ ಗೆದ್ದುಕೊಂಡಿದ್ದ ಹಣ ಅದು. ಅಕ್ಕ ಆ ದಿನ ಹೋಳಿಗೆ ಮಾಡಿದ್ದಳು. ಸುದ್ದಿಯನ್ನು ಕಾಲೇಜಿಗೆ ತಿಳಿಸಿದ ಹತ್ತು ದಿನಗಳಲ್ಲಿ ಪರಿಷ್ಕೃತ ಪತ್ರ ಬಂತು. ಅದರಲ್ಲಿ 4,000 ಡಾಲರ್‌ಗಳ ಹೊಸ ಸಾಲೊಂದು ಸೇರಿತ್ತು, ಅದರ ಮೇಲಿನ ಸಾಲಿನಲ್ಲಿ 46,000 ಇದ್ದ ಕಾಲೇಜಿನ ಅನುದಾನ 42,000 ಆಗಿತ್ತು. ಮನೆಯವರು ಕಟ್ಟಬೇಕಾದ ಮೊತ್ತ ಒಂದು ಡಾಲರ್‌ನಷ್ಟೂ ಇಳಿದಿರಲಿಲ್ಲ.

"ನಾವು ಹೇಳದೇ ಇದ್ದಿದ್ರೆ ಆಗ್ತಿತ್ತೇನೋ" ಎಂದು ಅಕ್ಕ ಫೋನಿನಲ್ಲಿ ಬೇಸರದಿಂದ ಹೇಳಿದಳು. ಹೇಳದೆ ಇರಲು ಬರುವುದಿಲ್ಲ, ಅದಕ್ಕೆ ಕಾರಣವನ್ನು ಮುಂದೆ ನೋಡೋಣ. ಆದರೆ ಆ ಪತ್ರ ಹಾಗೇಕೆ ಬದಲಾಯಿತು, ಬೇರೆ ರೀತಿಯಲ್ಲಿ ಬದಲಾಗಲು ಸಾಧ್ಯವಿತ್ತೇ ಎಂಬುದನ್ನು ತಿಳಿಯಲು ಆ ದೇಶದ ನೆರವಿನ ಲೆಕ್ಕವನ್ನು ಬುಡದಿಂದ ನೋಡಬೇಕು. ಕರ್ನಾಟಕದಲ್ಲಿ ಓದಿ ಬೆಳೆದ ತಂದೆ ತಾಯಿಯರಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ನಮ್ಮಲ್ಲಿ ಸಿಇಟಿ ಮೂಲಕ ಸೀಟು ಪಡೆದವರಿಗೆ ಶುಲ್ಕ ಇಂತಿಷ್ಟೆಂದು ನಿಗದಿಯಾಗಿರುತ್ತದೆ, ಖಾಸಗಿ ಟ್ರಸ್ಟೊಂದು ವಿದ್ಯಾರ್ಥಿವೇತನ ಕೊಟ್ಟರೆ ಕಾಲೇಜಿನ ಶುಲ್ಕದ ರಸೀದಿಯಲ್ಲಿ ಏನೂ ಬದಲಾಗುವುದಿಲ್ಲ. ಅಮೆರಿಕದಲ್ಲಿ ಪ್ರತಿ ವಿದ್ಯಾರ್ಥಿಯ ರಸೀದಿಯೂ ಬೇರೆ ಬೇರೆ, ಮತ್ತು ಆ ರಸೀದಿಯೊಳಗಿನ ಅಂಕಿಗಳು ಒಂದಕ್ಕೊಂದು ಹೆಣೆದುಕೊಂಡಿವೆ.

ಮೂರು ಅಂಕಿಗಳು

ಮೊದಲನೆಯದು ಒಟ್ಟು ವೆಚ್ಚ. ಇದನ್ನು ಅಲ್ಲಿ 'ಕಾಸ್ಟ್ ಆಫ್ ಅಟೆಂಡೆನ್ಸ್' ಎನ್ನುತ್ತಾರೆ. ಬೋಧನಾ ಶುಲ್ಕದ ಜೊತೆಗೆ ವಸತಿ, ಊಟ, ಪುಸ್ತಕ, ಪ್ರಯಾಣ ಮತ್ತು ಕೈಖರ್ಚು ಎಲ್ಲವನ್ನೂ ಸೇರಿಸಿ ಕಾಲೇಜು ಒಂದು ವರ್ಷಕ್ಕೆ ಹಾಕುವ ಅಂದಾಜು ಇದು. ವಿದ್ಯಾರ್ಥಿ ನಿಜವಾಗಿ ಎಷ್ಟು ಖರ್ಚು ಮಾಡುತ್ತಾನೆ ಎನ್ನುವುದಕ್ಕಿಂತ, ನೆರವು ಯಾವ ಮಟ್ಟದವರೆಗೆ ಏರಬಹುದು ಎಂಬುದಕ್ಕೆ ಈ ಅಂಕಿ ಮೇಲ್ಮಿತಿಯಾಗಿ ಕೆಲಸ ಮಾಡುತ್ತದೆ.

ಎರಡನೆಯದು ಕುಟುಂಬದ ಶಕ್ತಿಯನ್ನು ಅಳೆಯುವ ಸೂಚ್ಯಂಕ. ಫಾಫ್ಸಾ ಎಂಬ ಹೆಸರಿನಿಂದ ಪರಿಚಿತವಾದ ಕೇಂದ್ರ ಸರ್ಕಾರದ ಅರ್ಜಿಯಲ್ಲಿ ತಂದೆ ತಾಯಿ ಮತ್ತು ವಿದ್ಯಾರ್ಥಿಯ ಆದಾಯ, ಆಸ್ತಿಯ ವಿವರಗಳನ್ನು ಕೊಟ್ಟ ಮೇಲೆ ಈ ಅಂಕಿ ಹೊರಬರುತ್ತದೆ. 2024-25ರ ಶೈಕ್ಷಣಿಕ ವರ್ಷಕ್ಕೆ ಮೊದಲು ಇದನ್ನು 'ಕುಟುಂಬದಿಂದ ನಿರೀಕ್ಷಿತ ಪಾಲು' ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. ಈಗ ಅದರ ಜಾಗದಲ್ಲಿ 'ಸ್ಟೂಡೆಂಟ್ ಏಡ್ ಇಂಡೆಕ್ಸ್' ಬಂದಿದೆ, ಅದು ಸೊನ್ನೆಗಿಂತ ಕೆಳಗೆ, ಮೈನಸ್ 1,500ರವರೆಗೂ ಇಳಿಯಬಹುದು. ಹಲವು ಖಾಸಗಿ ಕಾಲೇಜುಗಳು ಇದರ ಜೊತೆಗೆ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ನಡೆಸುವ ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ವಿವರವಾದ ಅರ್ಜಿಯನ್ನೂ ತುಂಬಿಸಿಕೊಂಡು, ತಮ್ಮ ಅನುದಾನಕ್ಕೆ ತಮ್ಮದೇ ಲೆಕ್ಕ ಹಾಕುತ್ತವೆ.

ಮೂರನೆಯದು ಕೊರತೆ, ಅಲ್ಲಿಯವರ ಮಾತಿನಲ್ಲಿ 'ನೀಡ್'. ಒಟ್ಟು ವೆಚ್ಚದಿಂದ ಸೂಚ್ಯಂಕವನ್ನು ಕಳೆದರೆ ಉಳಿಯುವುದು ಇದೇ. ಅಕ್ಕನ ಮಗಳ ಪತ್ರದಲ್ಲಿ ಒಟ್ಟು ವೆಚ್ಚ 68,000 ಡಾಲರ್, ಸೂಚ್ಯಂಕ 14,000, ಆದ್ದರಿಂದ ಕೊರತೆ 54,000 ಡಾಲರ್ ಎಂದಿತ್ತು.

ಒಂದೇ ಹೆಸರಿನೊಳಗೆ ನಾಲ್ಕು ಬಗೆಯ ಹಣ

ಈ ಕೊರತೆಯನ್ನು ತುಂಬಲು ಕಾಲೇಜು ಕೊಡುವುದನ್ನೆಲ್ಲ ಒಟ್ಟಾಗಿ 'ನೆರವು' ಎಂದು ಕರೆದರೂ ಅದರೊಳಗಿರುವ ಹಣಗಳ ಸ್ವಭಾವ ಒಂದೇ ಅಲ್ಲ, ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಮುಂದಿನ ಮಾತು ಯಾವುದೂ ಹಿಡಿತಕ್ಕೆ ಸಿಗುವುದಿಲ್ಲ. ಕಾಲೇಜು ತನ್ನ ಸ್ವಂತ ನಿಧಿಯಿಂದ ಕೊಡುವ ಅನುದಾನವನ್ನು ಹಿಂದಿರುಗಿಸಬೇಕಾಗಿಲ್ಲ. ಕಡಿಮೆ ಆದಾಯದ ಕುಟುಂಬಗಳಿಗೆ ಕೇಂದ್ರ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಕೂಡ ಹಾಗೆಯೇ, 2025-26ರಲ್ಲಿ ಅದರ ಗರಿಷ್ಠ ಮೊತ್ತ 7,395 ಡಾಲರ್. ಮೂರನೆಯದು ವರ್ಕ್-ಸ್ಟಡಿ: ಗ್ರಂಥಾಲಯದಲ್ಲೋ ಕಚೇರಿಯಲ್ಲೋ ವಾರಕ್ಕೆ ಕೆಲವು ಗಂಟೆ ದುಡಿದು ಗಳಿಸಬೇಕಾದ ಹಣ, ದುಡಿಯದಿದ್ದರೆ ಬರದ ಹಣ. ನಾಲ್ಕನೆಯದು ಸರ್ಕಾರಿ ಸಾಲ. ಕೊರತೆ ಇರುವವರಿಗೆ ಕೊಡುವ ಸಬ್ಸಿಡಿ ಸಾಲದಲ್ಲಿ ಓದು ಮುಗಿಯುವವರೆಗಿನ ಬಡ್ಡಿಯನ್ನು ಸರ್ಕಾರ ಭರಿಸುತ್ತದೆ, ಆದರೆ ಅಸಲು ವಿದ್ಯಾರ್ಥಿಯ ತಲೆಯ ಮೇಲೆಯೇ ಇರುತ್ತದೆ. ಮೊದಲ ವರ್ಷದಲ್ಲಿ ಇದರ ಮಿತಿ 3,500 ಡಾಲರ್, ಎರಡನೆಯ ವರ್ಷದಲ್ಲಿ 4,500.

ಇವೆಲ್ಲವನ್ನೂ ಒಂದರ ಕೆಳಗೊಂದು ಬರೆದು ಕೂಡಿಸಿ ತೋರಿಸುವುದರಿಂದ ಪತ್ರ ಓದಿದವರು ಸಾಲವನ್ನೂ ಉಡುಗೊರೆಯೆಂದೇ ಭಾವಿಸುವ ಅಪಾಯವಿದೆ. ಅಮೆರಿಕದ ಸಂಸತ್ತಿನ ಪರವಾಗಿ ಸರ್ಕಾರದ ಕಾರ್ಯಕ್ರಮಗಳ ಲೆಕ್ಕ ಪರಿಶೀಲಿಸುವ ಜಿಎಒ ಎಂಬ ಸಂಸ್ಥೆ 2022ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ, ಶೇಕಡ 91ರಷ್ಟು ಕಾಲೇಜುಗಳು ತಮ್ಮ ಪತ್ರಗಳಲ್ಲಿ ನಿಜವಾದ ನಿವ್ವಳ ವೆಚ್ಚವನ್ನು ತಿಳಿಸುವುದೇ ಇಲ್ಲ, ಇಲ್ಲವೇ ಕಡಿಮೆ ಮಾಡಿ ತೋರಿಸುತ್ತವೆ.

ಅಕ್ಕನ ಮಗಳಿಗೆ ಬಂದ ಮೊದಲ ಪತ್ರದಲ್ಲಿ ಕಾಲೇಜಿನ ಅನುದಾನ 46,000, ಸಬ್ಸಿಡಿ ಸಾಲ 3,500, ವರ್ಕ್-ಸ್ಟಡಿ 2,500 ಇದ್ದವು. ಕೂಡಿಸಿದರೆ 52,000. ಕೊರತೆ 54,000 ಆದ್ದರಿಂದ ಇನ್ನೂ 2,000 ಡಾಲರ್ ತುಂಬದೆ ಉಳಿದಿತ್ತು. ಹೀಗೆ ತುಂಬದೆ ಉಳಿಯುವ ಭಾಗವನ್ನು 'ಗ್ಯಾಪ್' ಎನ್ನುತ್ತಾರೆ. ಸೂಚ್ಯಂಕದ 14,000 ಮತ್ತು ಈ ಗ್ಯಾಪ್ ಸೇರಿ ಮನೆಯವರು ಹೊಂದಿಸಬೇಕಾದದ್ದು 16,000 ಡಾಲರ್.

ಮದುವೆ ಮನೆಯ ಮುಯ್ಯಿ

ಈಗ ಹೊರಗಿನ ಹಣ ಬಂದಾಗ ಏನಾಗುತ್ತದೆ ಎಂಬುದನ್ನು ನಮ್ಮ ಮದುವೆ ಮನೆಯ ಲೆಕ್ಕದಲ್ಲಿ ನೋಡಬಹುದು. ಮದುವೆಗೆ ಹತ್ತು ಲಕ್ಷ ಬೇಕು, ಮನೆಯವರ ಕೈಯಲ್ಲಿರುವುದು ಮೂರು ಲಕ್ಷ. "ಕಡಿಮೆ ಬಿದ್ದದ್ದು ನನಗಿರಲಿ" ಎಂದು ಸೋದರಮಾವ ಮುಂದೆ ಬರುತ್ತಾನೆ. ಏಳು ಲಕ್ಷದಲ್ಲಿ ಐದು ಲಕ್ಷವನ್ನು ತನ್ನ ಉಡುಗೊರೆಯಾಗಿಯೂ ಎರಡು ಲಕ್ಷವನ್ನು ಕೈಸಾಲವಾಗಿಯೂ ಕೊಡುವುದೆಂದು ಮಾತಾಗುತ್ತದೆ. ಅಷ್ಟರಲ್ಲಿ ದೂರದ ನೆಂಟರೊಬ್ಬರು ಒಂದು ಲಕ್ಷ ಮುಯ್ಯಿ ಮಾಡುತ್ತಾರೆ. ಮಾವ ಒಪ್ಪಿಕೊಂಡದ್ದು ಕಡಿಮೆ ಬಿದ್ದದ್ದನ್ನು ತುಂಬುವುದಕ್ಕೆ, ಈಗ ಕಡಿಮೆ ಬಿದ್ದಿರುವುದು ಆರೇ ಲಕ್ಷ. ಅವನು ಒಂದು ಲಕ್ಷ ಕಡಿಮೆ ಕೊಟ್ಟರೆ ಮಾತಿಗೆ ತಪ್ಪಿದಂತಾಗುವುದಿಲ್ಲ.

ಆದರೆ ಎಲ್ಲಿಂದ ಕಡಿಮೆ ಮಾಡುತ್ತಾನೆ? ಉಡುಗೊರೆಯನ್ನು ನಾಲ್ಕು ಲಕ್ಷಕ್ಕೆ ಇಳಿಸಿದರೆ ಮುಯ್ಯಿಯ ಲಾಭವೆಲ್ಲ ಮಾವನಿಗೆ, ಮನೆಯವರ ಸಾಲ ಎರಡು ಲಕ್ಷವೇ ಉಳಿಯುತ್ತದೆ. ಕೈಸಾಲವನ್ನು ಒಂದು ಲಕ್ಷಕ್ಕೆ ಇಳಿಸಿದರೆ ಮುಯ್ಯಿಯ ಪೂರ್ತಿ ಲಾಭ ಮನೆಯವರಿಗೆ. ಎರಡರಲ್ಲೂ ಮದುವೆ ನಡೆಯುತ್ತದೆ, ಮಾವನ ಮಾತೂ ಉಳಿಯುತ್ತದೆ. ಹೊರಗಿನ ಸ್ಕಾಲರ್‌ಶಿಪ್ ಬಂದಾಗ ಕಾಲೇಜು ತನ್ನ ಅನುದಾನವನ್ನು ಇಳಿಸುವುದಕ್ಕೆ ಅಮೆರಿಕದಲ್ಲಿ 'ಸ್ಕಾಲರ್‌ಶಿಪ್ ಡಿಸ್‌ಪ್ಲೇಸ್‌ಮೆಂಟ್' ಎಂಬ ಹೆಸರಿದೆ. ಅದರ ಸುತ್ತಲಿನ ಎಲ್ಲ ವಾದವೂ ಮಾವನ ಈ ಆಯ್ಕೆಯ ಸುತ್ತಲೇ ಇದೆ.

ಸರ್ಕಾರದ ನಿಯಮ ಎಲ್ಲಿಯವರೆಗೆ?

ಕಾಲೇಜಿನ ನೆರವಿನ ಕಚೇರಿಯನ್ನು ಕೇಳಿದರೆ ಮೊದಲು ಬರುವ ಉತ್ತರ "ಇದು ಕೇಂದ್ರ ಸರ್ಕಾರದ ನಿಯಮ" ಎಂಬುದು. ಈ ಮಾತು ಅರ್ಧ ನಿಜ. ಕೊರತೆಯ ಆಧಾರದ ಮೇಲೆ ಕೊಡುವ ಸರ್ಕಾರಿ ನೆರವು, ಅಂದರೆ ಸಬ್ಸಿಡಿ ಸಾಲ, ವರ್ಕ್-ಸ್ಟಡಿ ಇತ್ಯಾದಿ, ವಿದ್ಯಾರ್ಥಿಯ ಕೊರತೆಯನ್ನು ಮೀರಬಾರದು. ಆ ಲೆಕ್ಕ ಹಾಕುವಾಗ ಕಾಲೇಜಿನ ಅನುದಾನವನ್ನೂ ಹೊರಗಿನ ಸ್ಕಾಲರ್‌ಶಿಪ್ ಅನ್ನೂ ಎಣಿಕೆಗೆ ತೆಗೆದುಕೊಳ್ಳಬೇಕು. ಮೀರಿದರೆ ಅದು 'ಓವರ್‌ಅವಾರ್ಡ್', ಕಾಲೇಜು ಅದನ್ನು ಸರಿಪಡಿಸಲೇಬೇಕು. ಸ್ಕಾಲರ್‌ಶಿಪ್ ಬಂದದ್ದನ್ನು ಮುಚ್ಚಿಡಲಾಗದಿರುವುದು ಇದೇ ಕಾರಣಕ್ಕೆ. ಅಲ್ಲದೆ ಬಹಳಷ್ಟು ಸಂಸ್ಥೆಗಳು ಚೆಕ್ ಕಳುಹಿಸುವುದೇ ಕಾಲೇಜಿಗೆ. ತಡವಾಗಿ ತಿಳಿದುಬಂದರೆ ಅದಾಗಲೇ ಕೊಟ್ಟ ನೆರವನ್ನು ವರ್ಷದ ನಡುವೆ ಹಿಂದಕ್ಕೆ ಪಡೆಯುತ್ತಾರೆ, ಆಗ ಮನೆಯವರಿಗೆ ಹೊಂದಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ನಿಯಮ ಇಷ್ಟನ್ನು ಹೇಳುತ್ತದೆ. ಮೊದಲು ಕಾಲೇಜಿನ ಅನುದಾನವನ್ನೇ ಕತ್ತರಿಸಿ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಆ ಕ್ರಮವನ್ನು ನಿರ್ಧರಿಸುವುದು ಕಾಲೇಜು. ಅಕ್ಕನ ಮಗಳ ಲೆಕ್ಕವನ್ನೇ ತೆಗೆದುಕೊಳ್ಳೋಣ. ಮೊದಲಿನ 52,000ಕ್ಕೆ 4,000 ಸೇರಿದರೆ 56,000. ಕೊರತೆ 54,000. ಮೀರಿದ್ದು 2,000 ಮಾತ್ರ. ಅಂದರೆ ಸರ್ಕಾರದ ನಿಯಮದ ಪ್ರಕಾರ ಕಡಿತವಾಗಬೇಕಾದದ್ದು 2,000 ಡಾಲರ್, ಅದನ್ನು ಸಾಲದಿಂದ ತೆಗೆದರೂ ನಿಯಮ ಪಾಲನೆಯಾಗುತ್ತದೆ. ಕಾಲೇಜು ಕಡಿತ ಮಾಡಿದ್ದು 4,000, ಅದೂ ಪೂರ್ತಿಯಾಗಿ ಅನುದಾನದಿಂದ. ಗ್ಯಾಪ್ ಹಾಗೆಯೇ ಉಳಿಯಿತು, ಸಾಲ ಹಾಗೆಯೇ ಉಳಿಯಿತು. ಪತ್ರದ ಈ ನಾಲ್ಕು ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದು ಕೂಡಿ ಕಳೆದು ನೋಡುವವರೆಗೆ ನಮಗೂ ಇದು ಹೊಳೆದಿರಲಿಲ್ಲ.

ವಿದ್ಯಾರ್ಥಿಗೆ ಹೆಚ್ಚು ಅನುಕೂಲವಾದ ಕ್ರಮವೆಂದರೆ, ಹೊರಗಿನ ಹಣದಿಂದ ಮೊದಲು ಗ್ಯಾಪ್ ತುಂಬುವುದು, ನಂತರ ಸಾಲವನ್ನು ಇಳಿಸುವುದು, ಆಮೇಲೆ ವರ್ಕ್-ಸ್ಟಡಿಯನ್ನು, ಇವೆಲ್ಲ ಮುಗಿದ ಮೇಲೂ ಹಣ ಉಳಿದರೆ ಮಾತ್ರ ಅನುದಾನಕ್ಕೆ ಕೈ ಹಾಕುವುದು. ಅನೇಕ ಕಾಲೇಜುಗಳು ಇದನ್ನೇ ಪಾಲಿಸುತ್ತವೆ. ಇನ್ನು ಕೆಲವು ಅರ್ಧವನ್ನು ಸಾಲದಿಂದ, ಅರ್ಧವನ್ನು ಅನುದಾನದಿಂದ ಕಳೆಯುತ್ತವೆ.

ಅನುದಾನವನ್ನೇ ಮೊದಲು ಇಳಿಸುವ ಕಾಲೇಜುಗಳಿಗೂ ತಮ್ಮದೇ ಕಾರಣವಿದೆ. ನೆರವಿನ ನಿಧಿ ಸೀಮಿತವಾದದ್ದು, ಒಬ್ಬ ವಿದ್ಯಾರ್ಥಿಗೆ ಬೇರೆ ಕಡೆಯಿಂದ ಹಣ ಬಂದಾಗ ಉಳಿದ ಮೊತ್ತವನ್ನು ಏನೂ ಸಿಗದ ಇನ್ನೊಬ್ಬ ವಿದ್ಯಾರ್ಥಿಗೆ ಕೊಡಬಹುದು ಎಂಬುದು ಆ ಕಾರಣ. ಇದರಲ್ಲಿ ನ್ಯಾಯವಿಲ್ಲವೆಂದು ಹೇಳಲಾಗದು. ಆದರೆ ದಾನಿ ತನ್ನ ಹಣ ಇಂಥ ವಿದ್ಯಾರ್ಥಿಗೆ ಸೇರಲಿ ಎಂದು ಕೊಟ್ಟಿರುತ್ತಾನೆ, ವಿದ್ಯಾರ್ಥಿ ತನ್ನ ಮನೆಯ ಹೊರೆ ಇಳಿಯಲಿ ಎಂದು ಶ್ರಮಪಟ್ಟಿರುತ್ತಾನೆ. ಕೊನೆಗೆ ಹಣ ಸೇರುವುದು ಇವರಿಬ್ಬರೂ ಎಣಿಸದ ಕಡೆಗೆ. ಇದು ಆ ಹುಡುಗಿಯ ಮುಖ ನೋಡಿದ ನನಗೆ ಅಷ್ಟು ಸುಲಭವಾಗಿ ಒಪ್ಪಿಗೆಯಾಗುವ ವಾದವಲ್ಲ.

ಯಾರಿಗೆ ತಟ್ಟುತ್ತದೆ, ಯಾರಿಗೆ ಇಲ್ಲ

ಆದಾಯ ಹೆಚ್ಚಿರುವ ಕುಟುಂಬಗಳಲ್ಲಿ ಸೂಚ್ಯಂಕವೇ ಒಟ್ಟು ವೆಚ್ಚವನ್ನು ಮೀರಿರುತ್ತದೆ. ಕೊರತೆ ಎಂಬುದೇ ಇಲ್ಲದ ಕಾರಣ ಕೊರತೆ ಆಧಾರದ ನೆರವೂ ಇರುವುದಿಲ್ಲ, ಕಡಿತಗೊಳ್ಳಲು ಏನೂ ಇರುವುದಿಲ್ಲ. ಅವರ ಮಕ್ಕಳಿಗೆ ಹೊರಗಿನ 4,000 ಡಾಲರ್ ಬಂದರೆ ಅದು ಪೂರ್ತಿ ಉಳಿತಾಯ. ಹಣದ ಅಗತ್ಯ ಹೆಚ್ಚಿರುವವರಿಗೆ ಕಡಿತ, ಇಲ್ಲದವರಿಗೆ ಪೂರ್ತಿ ಲಾಭ ಎಂಬ ಈ ವ್ಯತ್ಯಾಸವೇ ಡಿಸ್‌ಪ್ಲೇಸ್‌ಮೆಂಟ್ ವಿರುದ್ಧದ ಕಾನೂನುಗಳಿಗೆ ಬಲವಾದ ಕಾರಣವಾಯಿತು.

ಅಂಕ ಮತ್ತು ಪ್ರತಿಭೆಯ ಮೇಲೆ ಕಾಲೇಜು ಕೊಡುವ ಮೆರಿಟ್ ಸ್ಕಾಲರ್‌ಶಿಪ್ ಬೇರೆ ದಾರಿಯದು. ಹೊರಗಿನ ಹಣವನ್ನು ಅದರ ಮೇಲೆ ಪೇರಿಸಬಹುದೇ ಎಂಬುದಕ್ಕೆ ಪ್ರತಿ ಕಾಲೇಜಿಗೂ ಅದರದೇ ನಿಯಮವಿದೆ. ಕೆಲವು ಕಡೆ ಒಟ್ಟು ವೆಚ್ಚದವರೆಗೆ ಪೇರಿಸಬಹುದು, ಕೆಲವು ಕಡೆ ಬೋಧನಾ ಶುಲ್ಕದವರೆಗೆ ಮಾತ್ರ.

ಪೆಲ್ ಗ್ರಾಂಟ್‌ನ ಲೆಕ್ಕ ಇನ್ನೂ ಬೇರೆ. ಅದು ಅಡಿಪಾಯದಂತೆ ಮೊದಲು ಕೂರುತ್ತದೆ, ಹೊರಗಿನ ಸ್ಕಾಲರ್‌ಶಿಪ್ ಬಂದಿತೆಂದು ಅದನ್ನು ಇಳಿಸುವುದಿಲ್ಲ. ಇದಕ್ಕೆ ಈಗ ಒಂದು ಅಪವಾದ ಸೇರಿದೆ. 2025ರ ಜುಲೈ 4ರಂದು ಸಹಿಯಾದ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ, ಕೇಂದ್ರ ಸರ್ಕಾರದ್ದಲ್ಲದ ಅನುದಾನಗಳೇ ವಿದ್ಯಾರ್ಥಿಯ ಒಟ್ಟು ವೆಚ್ಚವನ್ನು ಮುಟ್ಟಿದರೆ ಅಥವಾ ಮೀರಿದರೆ ಅವರಿಗೆ ಪೆಲ್ ಸಿಗುವುದಿಲ್ಲ. ಪೂರ್ಣ ವೆಚ್ಚ ಭರಿಸುವ ದೊಡ್ಡ ಸ್ಕಾಲರ್‌ಶಿಪ್ ಪಡೆದವರು ಮಾತ್ರ ಇದನ್ನು ಗಮನಿಸಿದರೆ ಸಾಕು.

ಎಚ್-1ಬಿ ವೀಸಾದ ಮೇಲಿರುವ ಕನ್ನಡಿಗ ಕುಟುಂಬಗಳು ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿದಿರಬೇಕು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹುಟ್ಟಿ ಎಚ್-4 ವೀಸಾದಲ್ಲಿ ಅಲ್ಲಿಗೆ ಹೋದ ಮಗುವಿಗೆ ಕೇಂದ್ರ ಸರ್ಕಾರದ ನೆರವು ಸಿಗುವುದಿಲ್ಲ. ಅದೇ ಮನೆಯಲ್ಲಿ ಅಮೆರಿಕದಲ್ಲಿ ಹುಟ್ಟಿದ ತಂಗಿಗೆ ತಂದೆ ತಾಯಿಯ ವೀಸಾ ಯಾವುದೇ ಇದ್ದರೂ ಫಾಫ್ಸಾ ತುಂಬುವ ಹಕ್ಕಿದೆ. ಗ್ರೀನ್ ಕಾರ್ಡ್ ಬಂದವರಿಗೂ ಇದೆ. ಸರ್ಕಾರಿ ನೆರವಿಲ್ಲದ ಮಗುವಿನ ವಿಷಯದಲ್ಲಿ ಸಬ್ಸಿಡಿ ಸಾಲ, ವರ್ಕ್-ಸ್ಟಡಿ ಇಲ್ಲವಾದ್ದರಿಂದ ಮೇಲೆ ಹೇಳಿದ ಓವರ್‌ಅವಾರ್ಡ್ ನಿಯಮದ ಪ್ರಶ್ನೆಯೂ ಬರುವುದಿಲ್ಲ, ಅಲ್ಲಿ ಕಡಿತವಾದರೆ ಅದು ಸಂಪೂರ್ಣವಾಗಿ ಕಾಲೇಜಿನ ಸ್ವಂತ ತೀರ್ಮಾನ. ಕರ್ನಾಟಕದಿಂದ ನೇರವಾಗಿ ಎಫ್-1 ವೀಸಾದಲ್ಲಿ ಓದಲು ಹೋಗುವವರ ಸ್ಥಿತಿಯೂ ಇದೇ. ಅವರಿಗೆ ಸಿಗುವ ಹೊರಗಿನ ಸ್ಕಾಲರ್‌ಶಿಪ್‌ನ ಪತ್ರ, ವೀಸಾಕ್ಕೆ ಬೇಕಾದ ಐ-20 ದಾಖಲೆಗಾಗಿ ಹಣದ ಬಲವನ್ನು ತೋರಿಸುವಾಗಲೂ ಉಪಯೋಗಕ್ಕೆ ಬರುತ್ತದೆ.

ರಾಜ್ಯಗಳ ಕಾನೂನು

ಅನುದಾನದ ಕಡಿತಕ್ಕೆ ಮೊದಲು ಕಡಿವಾಣ ಹಾಕಿದ ರಾಜ್ಯ ಮೇರಿಲ್ಯಾಂಡ್, 2017ರಲ್ಲಿ. ಅಲ್ಲಿನ ಸಾರ್ವಜನಿಕ ಕಾಲೇಜುಗಳು, ಹಿಂದಿರುಗಿಸಬೇಕಿಲ್ಲದ ಒಟ್ಟು ನೆರವು ವಿದ್ಯಾರ್ಥಿಯ ಕೊರತೆಯನ್ನು ಮೀರುವವರೆಗೆ ತಮ್ಮ ಅನುದಾನವನ್ನು ಇಳಿಸುವಂತಿಲ್ಲ. ನಂತರದ ವರ್ಷಗಳಲ್ಲಿ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ವಾಷಿಂಗ್ಟನ್ ರಾಜ್ಯಗಳು ತಮ್ಮ ತಮ್ಮ ರೀತಿಯ ಕಾನೂನು ತಂದವು. ಕ್ಯಾಲಿಫೋರ್ನಿಯಾದ ಕಾನೂನಿಗೆ 2022ರಲ್ಲಿ ಸಹಿ ಬಿತ್ತು. ಅದು 2023-24ರಿಂದ ಜಾರಿಯಲ್ಲಿದ್ದು, ಖಾಸಗಿ ಕಾಲೇಜುಗಳನ್ನೂ ಒಳಗೊಳ್ಳುತ್ತದೆ. ಆದರೆ ರಕ್ಷಣೆ ಇರುವುದು ಪೆಲ್ ಗ್ರಾಂಟ್‌ಗೆ ಅರ್ಹರಾದ ಕಡಿಮೆ ಆದಾಯದ ವಿದ್ಯಾರ್ಥಿಗಳಿಗೆ, ಇಲ್ಲವೇ ಮುಖ್ಯವಾಗಿ ವಲಸೆ ದಾಖಲೆಗಳಿಲ್ಲದ ವಿದ್ಯಾರ್ಥಿಗಳಿಗಾಗಿ ಇರುವ ರಾಜ್ಯದ ಡ್ರೀಮ್ ಆಕ್ಟ್ ನೆರವಿಗೆ ಅರ್ಹರಾದವರಿಗೆ. ಅವರ ವಿಷಯದಲ್ಲಿ ಹಿಂದಿರುಗಿಸಬೇಕಿಲ್ಲದ ನೆರವೆಲ್ಲ ಸೇರಿ ಒಟ್ಟು ವೆಚ್ಚವನ್ನೇ ಮೀರಿದಾಗ ಮಾತ್ರ ಕಡಿತ ಮಾಡಬಹುದು. ಕಾಲೇಜು ಯಾವ ರಾಜ್ಯದಲ್ಲಿದೆ ಎಂಬುದು ಇಲ್ಲಿ ಮುಖ್ಯ, ಮನೆ ಯಾವ ರಾಜ್ಯದಲ್ಲಿದೆ ಎಂಬುದಲ್ಲ.

ತೆರಿಗೆಯ ಒಂದು ಎಳೆ

ಬೋಧನಾ ಶುಲ್ಕ, ಕಡ್ಡಾಯ ಶುಲ್ಕಗಳು ಮತ್ತು ಕೋರ್ಸಿಗೆ ಬೇಕೇಬೇಕಾದ ಪುಸ್ತಕಗಳಿಗೆ ಬಳಸಿದ ಸ್ಕಾಲರ್‌ಶಿಪ್‌ಗೆ ಅಮೆರಿಕದಲ್ಲಿ ಆದಾಯ ತೆರಿಗೆ ಇಲ್ಲ. ವಸತಿ ಮತ್ತು ಊಟಕ್ಕೆ ಬಳಸಿದ ಭಾಗ ತೆರಿಗೆಗೆ ಒಳಪಡುವ ಆದಾಯ. ಕಾಲೇಜಿನ ಅನುದಾನವೇ ಬೋಧನಾ ಶುಲ್ಕವನ್ನೆಲ್ಲ ತುಂಬಿದ್ದರೆ, ಅದರ ಮೇಲೆ ಬಂದ ಹೊರಗಿನ ಹಣ ಹಾಸ್ಟೆಲ್ ಮತ್ತು ಊಟದ ಕಡೆಗೆ ಹರಿಯುವುದರಿಂದ ವಿದ್ಯಾರ್ಥಿಯ ಹೆಸರಿನಲ್ಲಿ ತೆರಿಗೆ ಬರಬಹುದು. ಎಫ್-1 ವೀಸಾದವರಿಗೆ ಇಂಥ ಭಾಗದ ಮೇಲೆ ಸಾಮಾನ್ಯವಾಗಿ ಶೇಕಡ 14ರಷ್ಟನ್ನು ಮೂಲದಲ್ಲೇ ಹಿಡಿದುಕೊಳ್ಳುತ್ತಾರೆ.

ಕಚೇರಿಗೆ ಏನು ಕೇಳಬೇಕು

ಕೇಳುವುದಕ್ಕೆ ಒಳ್ಳೆಯ ಸಮಯ ಕಾಲೇಜನ್ನು ಆಯ್ಕೆ ಮಾಡುವ ಮೊದಲು. ಹೊರಗಿನ ಸ್ಕಾಲರ್‌ಶಿಪ್ ಬಂದರೆ ಯಾವುದನ್ನು ಮೊದಲು ಇಳಿಸುತ್ತೀರಿ, ತುಂಬದೆ ಉಳಿದ ಗ್ಯಾಪ್‌ಗೆ ಮೊದಲು ಬಳಸುತ್ತೀರಾ, ಒಂದೇ ವರ್ಷದ ಸ್ಕಾಲರ್‌ಶಿಪ್ ಮುಗಿದ ಮೇಲೆ ಇಳಿಸಿದ ಅನುದಾನವನ್ನು ಮತ್ತೆ ಏರಿಸುತ್ತೀರಾ ಎಂದು ಲಿಖಿತವಾಗಿ ಕೇಳಿ, ಉತ್ತರವನ್ನೂ ಇಮೇಲ್‌ನಲ್ಲಿ ಪಡೆದುಕೊಳ್ಳಬೇಕು. ಇದೇ ಪ್ರಶ್ನೆಗಳಿಗೆ ಎರಡು ಕಾಲೇಜುಗಳು ಕೊಡುವ ಉತ್ತರದಲ್ಲಿ ನಾಲ್ಕು ವರ್ಷಗಳಲ್ಲಿ ಸಾವಿರಾರು ಡಾಲರ್‌ಗಳ ವ್ಯತ್ಯಾಸ ಅಡಗಿರಬಹುದು.

ಸ್ಕಾಲರ್‌ಶಿಪ್ ಕೊಟ್ಟವರ ಹತ್ತಿರವೂ ಮಾತನಾಡಬಹುದು. ಕೆಲವು ಸಂಸ್ಥೆಗಳು ಹಣವನ್ನು ಎರಡು ವರ್ಷಗಳಿಗೆ ಹಂಚಲು ಅಥವಾ ಕಡಿತವಾಗದ ವರ್ಷಕ್ಕೆ ಮುಂದೂಡಲು ಒಪ್ಪುತ್ತವೆ. ತಮ್ಮ ಹಣ ವಿದ್ಯಾರ್ಥಿಗೆ ತಲುಪದೆ ಹೋಗುವುದು ಅವರಿಗೂ ಬೇಕಾಗಿರುವುದಿಲ್ಲ.

ಅಕ್ಕನ ಮಗಳು ಕಚೇರಿಗೆ ತಾನೇ ಇಮೇಲ್ ಬರೆದಳು. ಕೊರತೆ 54,000, ಸ್ಕಾಲರ್‌ಶಿಪ್ ಸೇರಿದ ಮೇಲೆ ಒಟ್ಟು ನೆರವು 56,000, ಮೀರಿದ್ದು 2,000, ಇದನ್ನು ಸಾಲದಿಂದ ಇಳಿಸಲು ಸಾಧ್ಯವೇ ಎಂದು ನಾಲ್ಕು ಸಾಲಿನಲ್ಲಿ ಕೇಳಿದ್ದಳು. ದೂರಿನ ದನಿ ಇರಲಿಲ್ಲ. ಎರಡು ವಾರಗಳ ನಂತರ ಬಂದ ಮೂರನೆಯ ಪತ್ರದಲ್ಲಿ ಅನುದಾನ ಮತ್ತೆ 46,000 ಆಗಿತ್ತು, ಸಾಲ 3,500ರಿಂದ 1,500ಕ್ಕೆ ಇಳಿದಿತ್ತು, ಮನೆಯವರು ಹೊಂದಿಸಬೇಕಾದದ್ದು 16,000ದ ಬದಲು 14,000 ಆಗಿತ್ತು. ಎರಡು ಸಾವಿರ ಮನೆಯ ಖರ್ಚಿನಲ್ಲಿ, ಎರಡು ಸಾವಿರ ಅವಳ ಸಾಲದಲ್ಲಿ ಕಡಿಮೆಯಾಗಿ, ಗೆದ್ದ ನಾಲ್ಕು ಸಾವಿರವೂ ಅವಳಿಗೇ ದಕ್ಕಿತು. ಎಲ್ಲ ಕಾಲೇಜುಗಳೂ ಹೀಗೆ ಒಪ್ಪುವುದಿಲ್ಲ, ತಮ್ಮ ನಿಯಮ ಇಷ್ಟೇ ಎಂದು ಹೇಳಿಬಿಡುವ ಕಚೇರಿಗಳೂ ಇವೆ.

ಸೇವಾ ಸಂಘದ ಸ್ಕಾಲರ್‌ಶಿಪ್ ಒಂದೇ ವರ್ಷದ್ದಾಗಿತ್ತು. ಎರಡನೆಯ ವರ್ಷದ ಪತ್ರದಲ್ಲಿ ಆ ಸಾಲು ಇರಲಿಲ್ಲ, ಸಬ್ಸಿಡಿ ಸಾಲ 1,500 ಇದ್ದದ್ದು ಎರಡನೆಯ ವರ್ಷದ ಮಿತಿಯಾದ 4,500ಕ್ಕೆ ಏರಿತ್ತು. ಕಾಲೇಜಿನ ಅನುದಾನದ ಮುಂದೆ ಮಾತ್ರ ಅದೇ 46,000 ಇತ್ತು.